ಅಜ್ಜಿ ಹೇಳಿದ್ದಾರೆ

ಕಳೆದ ವರ್ಷ ಒಂದು ಸಂಜೆ, ಏಳನೆಯ ತರಗತಿಯ ನನ್ನ ಮೊಮ್ಮಗಳು ಇಂಗ್ಲಿಷ್ ನೋಟ್‌ಬುಕ್ಕನ್ನು ತಂದು ನನ್ನ ಮುಂದಿಟ್ಟಳು. ಪ್ರಬಂಧದ ವಿಷಯ ‘ನನ್ನ ಅಜ್ಜಿ’. ಮೊದಲ ವಾಕ್ಯದಲ್ಲೇ ಕೆಂಪು ಗೆರೆ! “ಮೈ ಗ್ರ್ಯಾಂಡ್‌ಮದರ್ ಹ್ಯಾಸ್ ಲಿವ್ಡ್ ಇನ್ ಚೆನ್ನೈ ಫಾರ್ ಫಾರ್ಟಿಎಯ್ಟ್ ಇಯರ್ಸ್” ಎಂದು ಅವಳು ಬರೆದಿದ್ದಳು. ಟೀಚರು ‘ಹ್ಯಾಸ್’ ಅನ್ನು ಹೊಡೆದುಹಾಕಿ ‘ಲಿವ್ಡ್’ ಮಾತ್ರ ಉಳಿಸಿದ್ದರು.

“ಹ್ಯಾಸ್ ಹಾಕಿದರೆ ಎಂತ ತಪ್ಪು ಅಜ್ಜ? ಪುಸ್ತಕದಲ್ಲಿ ಹಾಗೇ ಉಂಟಲ್ಲ?”

ನನ್ನಾಕೆ ತೀರಿಕೊಂಡು ಆಗ ಐದು ತಿಂಗಳು. ವ್ಯಾಕರಣದ ಪ್ರಶ್ನೆಗೆ ನಾನು ಹೀಗೆ ತಡವರಿಸಿದ್ದು ಜೀವಮಾನದಲ್ಲಿ ಎರಡೇ ಸಲ.

ಮೊದಲನೆಯದು 1971ರಲ್ಲಿ. ಪುತ್ತೂರಿನಿಂದ ಮದರಾಸಿಗೆ ಬಂದ ಹೊಸತು. ಒಂದು ಕಂಪೆನಿಯ ಇಂಟರ್‌ವ್ಯೂನಲ್ಲಿ “ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಸಿಕ್ಸ್ ಮಂತ್ಸ್” ಎಂದುಬಿಟ್ಟೆ. ಮೇಜಿನಾಚೆಯ ಮೂವರೂ ಮುಗುಳ್ನಕ್ಕರು. ಕೆಲಸ ಸಿಗಲಿಲ್ಲ. “ಆರು ತಿಂಗಳಿಂದ ಇಲ್ಲಿದ್ದೇನೆ” ಎಂಬ ನಮ್ಮ ಮಾತನ್ನೇ ಇಂಗ್ಲಿಷಿಗೆ ಇಳಿಸಿದ್ದೆ. ಅವರಿಗೆ ಬೇಕಾಗಿದ್ದುದು “ಹ್ಯಾವ್ ಬೀನ್ ಲಿವಿಂಗ್ ಫಾರ್ ಸಿಕ್ಸ್ ಮಂತ್ಸ್”. ಆ ಸಂಜೆಯೇ ಮೂರ್ ಮಾರ್ಕೆಟ್ಟಿಗೆ ಹೋಗಿ ಹಳೆಯ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಕೊಂಡೆ. 1985ರಲ್ಲಿ ಆ ಮಾರ್ಕೆಟ್ಟು ಸುಟ್ಟುಹೋಯಿತು. ಪುಸ್ತಕ ಈಗಲೂ ನನ್ನಲ್ಲಿದೆ.

ಕಲಿತದ್ದು ಇಷ್ಟು: ಹ್ಯಾವ್ ಅಥವಾ ಹ್ಯಾಸ್, ಅದರ ಮುಂದೆ ಕ್ರಿಯಾಪದದ ಮೂರನೆಯ ರೂಪ. ಗೋ, ವೆಂಟ್, ಗಾನ್ ಎಂಬುದರಲ್ಲಿ ‘ಗಾನ್’. ಕೆಲಸ ಹಿಂದೆ ನಡೆದದ್ದಾದರೂ ಅದರ ಎಳೆ ಇಂದಿಗೂ ತಾಗಿರಬೇಕು. ಆದ್ದರಿಂದಲೇ ‘ನಿನ್ನೆ’ ಎಂದು ಕಾಲ ಹೆಸರಿಸಿದರೆ ಅಲ್ಲಿ ಹ್ಯಾವ್ ನಿಲ್ಲದು. “ನಾವು ಸೆಂಟ್ರಲ್ ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿತ್ತು” ಎನ್ನುವಲ್ಲಿ ಹ್ಯಾಡ್. “ನೀವು ಬರುವಷ್ಟರಲ್ಲಿ ಅಡಿಗೆ ಮುಗಿದಿರುತ್ತದೆ” ಎನ್ನುವಲ್ಲಿ ವಿಲ್ ಹ್ಯಾವ್. ಎಲ್ಲಿಂದ ಶುರು ಎನ್ನಲು ಸಿನ್ಸ್, ಎಷ್ಟು ಕಾಲ ಎನ್ನಲು ಫಾರ್. ಮಂಗಳೂರಿಗೆ ‘ಹ್ಯಾಸ್ ಬೀನ್’ ಎಂದರೆ ಹೋಗಿಬಂದಿದ್ದಾರೆ. ‘ಹ್ಯಾಸ್ ಗಾನ್’ ಎಂದರೆ ಹೋದವರು ಇನ್ನೂ ಬಂದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಮಗುವಿಗೆ ಉತ್ತರ ಹೇಳಲು ಬಾಯಿ ಬರಲಿಲ್ಲ. ಕೊನೆಗೆ, “ಟೀಚರದ್ದು ಸರಿ ಮಗಾ. ಹ್ಯಾಸ್ ಹಾಕಿದರೆ ಅಜ್ಜಿ ಈಗಲೂ ಇಲ್ಲಿ ವಾಸವಾಗಿದ್ದಾರೆ ಎಂದಾಗುತ್ತದೆ” ಎಂದೆ. ಅವಳು ಪುಸ್ತಕ ಮುಚ್ಚಿ ಎದ್ದುಹೋದಳು.

ರಾತ್ರಿ ಊಟದ ಹೊತ್ತಿಗೆ ಅಡಿಗೆಮನೆಯಿಂದ ಸೊಸೆಯ ಗದರಿಕೆ ಕೇಳಿಸಿತು: “ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಬೇಡ. ಅಜ್ಜಿ ಹೇಳಿದ್ದಾರಲ್ಲ!”

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮೊಮ್ಮಗಳನ್ನು ಕರೆದು ಆ ಪದವನ್ನು ಬಿಡಿಸಿ ತೋರಿಸಿದೆ. ಹೇಳಿ, ಇದ್ದಾರೆ: ಹೇಳಿದ್ದಾರೆ. ಇಂಗ್ಲಿಷಿನವರು ಈ ರೂಪವನ್ನು ‘ಹೊಂದಿರು’ ಎಂಬ ಅರ್ಥದ ಪದದಿಂದ ಕಟ್ಟಿದರೆ ನಾವು ‘ಇರು’ ಎಂಬುದರಿಂದ ಕಟ್ಟುತ್ತೇವೆ. ಅವಳು ಶಾಲೆಯಲ್ಲಿ ಕಲಿಯುವ ತಮಿಳಿನಲ್ಲೂ ಹಾಗೆಯೇ, ‘ಶೊಲ್ಲಿಯಿರುಕ್ಕಾಂಗ’ ಎನ್ನುತ್ತಾರೆ. ಬಸವಣ್ಣನವರು ಹೇಳಿದ್ದಾರೆ, ಪುರಂದರದಾಸರು ಹಾಡಿದ್ದಾರೆ ಎನ್ನಲು ನಮಗೆ ಯಾವ ಅಡ್ಡಿಯೂ ಇಲ್ಲ. ಮಾತು ಉಳಿದಿದ್ದರೆ ಸಾಕು.

“ಹಾಗಾದರೆ ಅಜ್ಜಿಗೂ ಹೇಳಬಹುದಾ?” ಎಂದಳು.

“ಅಮ್ಮ ಈಗ ಹೇಳಿದಳಲ್ಲ!”

ನಮ್ಮ ಮನೆಯ ಕನ್ನಡ ಅವಳಿಗೆ ಕಿವಿಯ ಕನ್ನಡ, ಬರೆಯಲು ಬಾರದು. ಈ ಊರಿನ ನಮ್ಮ ಎಷ್ಟೋ ಮಕ್ಕಳ ಕತೆ ಇದೇ. ನನ್ನಾಕೆ ಅದಕ್ಕಾಗಿ ಕೊರಗುತ್ತಿದ್ದಳು. ನಾನು ನಾಳೆ ಕಲಿಸೋಣವೆಂದು ದಿನ ತಳ್ಳುತ್ತಿದ್ದೆ.

ಅಂದು ರಾತ್ರಿ ಮಗು ತಾನಾಗಿಯೇ ಪೆನ್ಸಿಲು ತಂದು, ಆ ಒಂದು ಪದ ಬರೆಯಲು ಕಲಿಸಿ ಎಂದಳು. ‘ದ್ದಾ’ ಬರೆಯುವಾಗ ಒತ್ತು ಎಲ್ಲಿ ಬರುತ್ತದೆಂದು ತೋರಿಸಿದೆ. ಮೂರನೆಯ ಸಲಕ್ಕೆ ಸರಿಯಾಗಿ ಬಂತು.