ದಾನಕ್ಕೊಂದು ನಿಬಂಧನೆ

ಸಂಸ್ಕೃತ ಪಾಠಶಾಲೆಯಲ್ಲಿ ನಮ್ಮ ಗುರುಗಳು ಶುಲ್ಕವೆಂದು ಒಂದು ಕಾಸನ್ನೂ ಮುಟ್ಟಿದವರಲ್ಲ. ಆ ಋಣದ ನೆನಪಿನಿಂದ, ನಾನು ಉಪಾಧ್ಯಾಯನಾದ ಮೇಲೆ ಸಂಧಿಸಮಾಸಗಳನ್ನು ಕುರಿತು ಬರೆದಿಟ್ಟ ಟಿಪ್ಪಣಿಯನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದೆನು. ಕೊಂಡೊಯ್ದವರೊಬ್ಬರು ಅದನ್ನು ತಿದ್ದಿ, ಉತ್ತಮವಾದ ಉದಾಹರಣೆಗಳನ್ನು ಸೇರಿಸಿ, ಸರ್ವ ಹಕ್ಕುಗಳನ್ನೂ ತಮಗೇ ಕಾದಿರಿಸಿಕೊಂಡು ಅಚ್ಚು ಹಾಕಿಸಿದರು. ನನ್ನ ಹೆಸರಿಲ್ಲವೆಂದು ನಾನು ಅಷ್ಟಾಗಿ ನೊಂದವನಲ್ಲ (ಸ್ವಲ್ಪ ನೊಂದೆನೆಂಬುದನ್ನು ಮುಚ್ಚಿಡಲಾರೆ). ಆ ಹೊಸ ಉದಾಹರಣೆಗಳನ್ನು ಬಡ ಹುಡುಗರಿಗೆ ನಕಲು ಮಾಡಿ ಹಂಚಲು ನನಗೇ ಅಧಿಕಾರವಿಲ್ಲದಂತಾದುದು ಮನಸ್ಸನ್ನು ಚುಚ್ಚಿತು.

ಬೆಂಗಳೂರಿನಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವ ಮಗನು ಇದನ್ನು ಕೇಳಿ, "ಅಪ್ಪಾ, ಈ ವ್ಯಾಜ್ಯ ನಮ್ಮವರಲ್ಲೂ ಬಹಳ ವರ್ಷಗಳಿಂದ ಇದೆ" ಎಂದು ನಕ್ಕನು. ತಂತ್ರಾಂಶದ ಮೂಲಬರಹವನ್ನು ಎಲ್ಲರಿಗೂ ತೆರೆದಿಡುವವರಲ್ಲಿ ಎರಡು ಪಕ್ಷಗಳುಂಟಂತೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬಿ.ಎಸ್.ಡಿ. ಪರವಾನಗಿಯು, ಕರ್ತೃವಿನ ಹೆಸರನ್ನುಳಿಸಿ ಮಿಕ್ಕಂತೆ ಇಷ್ಟಬಂದ ಹಾಗೆ ಮಾಡಿಕೊಳ್ಳಿರೆನ್ನುತ್ತದೆ. ರಿಚರ್ಡ್ ಸ್ಟಾಲ್ಮನ್ನರು 1989ರಲ್ಲಿ ಹೊರತಂದ ಜಿ.ಪಿ.ಎಲ್. ಹಾಗಲ್ಲ, ತಿದ್ದಬಹುದು, ಮಾರಲೂಬಹುದು, ಆದರೆ ತಿದ್ದಿದ್ದನ್ನು ಪರರಿಗೆ ಕೊಡುವಾಗ ಮೂಲಬರಹವನ್ನೂ ಅದೇ ಸ್ವಾತಂತ್ರ್ಯದೊಡನೆ ಕೊಡತಕ್ಕದ್ದು. ಇಂಗ್ಲಿಷಿನಲ್ಲಿ ಹಕ್ಕಿಗೂ ಬಲಗಡೆಗೂ ಒಂದೇ ಶಬ್ದವಾದುದರಿಂದ, ಕಾಪಿರೈಟನ್ನು ಎಡಕ್ಕೆ ತಿರುಗಿಸಿ ಇದನ್ನು ಕಾಪಿಲೆಫ್ಟ್ ಎಂದರು. ಶ್ಲೇಷವು ನನಗೆ ಬಹಳ ಹಿಡಿಸಿತು.

ಆದರೂ ನನ್ನ ಒಲವು ಮೊದಲು ಬರ್ಕ್ಲಿಯವರ ಕಡೆಗೇ ಹೋಯಿತು. "ನ ಮಮ" ಎಂದು ನೀರು ಬಿಟ್ಟ ಮೇಲೆ ದಾನಿಗೆ ಮತ್ತೇನು ಮಾತು? ಆಗ ಮಗನು ಎರಡು ಪ್ರಸಂಗಗಳನ್ನು ಹೇಳಿದನು. ಪ್ರಾಧ್ಯಾಪಕ ಟನೆನ್‌ಬಾಮರು ಪಾಠಕ್ಕೆಂದು ರಚಿಸಿದ ಮಿನಿಕ್ಸ್ ಎಂಬ ತಂತ್ರಾಂಶವು ಬರ್ಕ್ಲಿಯ ಕ್ರಮದಲ್ಲಿ ಹಂಚಿಕೆಯಾಗಿತ್ತು. ಅದನ್ನು ಇಂಟೆಲ್ ಸಂಸ್ಥೆಯು ತನ್ನ ಚಿಪ್ಪುಗಳಲ್ಲಿ ಅಡಗಿಸಿರುವುದು ಅವರಿಗೆ ತಿಳಿದದ್ದು 2017ರಲ್ಲಿ, ಪತ್ರಿಕೆಗಳಿಂದ! ಅವರು ಕೋಪಗೊಳ್ಳದೆ, ಸೌಜನ್ಯಕ್ಕಾದರೂ ತಿಳಿಸಬಹುದಿತ್ತೆಂದು ಬರೆದರು. ಇನ್ನೊಂದು, ಲಿಂಕ್‌ಸಿಸ್ ಸಂಸ್ಥೆಯ ವೈಫೈ ಪೆಟ್ಟಿಗೆಯ ಕಥೆ. ಅದರೊಳಗೆ ಜಿ.ಪಿ.ಎಲ್.ಗೆ ಒಳಪಟ್ಟ ಲಿನಕ್ಸ್ ಇದ್ದುದು ಬಯಲಾಗಿ, 2003ರಲ್ಲಿ ಸಂಸ್ಥೆಯು ಮೂಲಬರಹವನ್ನು ಪ್ರಕಟಿಸಬೇಕಾಯಿತು. ಅದರ ಆಧಾರದಿಂದ ಮರುವರ್ಷ ಓಪನ್‌ವರ್ಟ್ ಹುಟ್ಟಿತು. ಎಷ್ಟೋ ಹಳೆಯ ಪೆಟ್ಟಿಗೆಗಳು ಅದರಿಂದ ಇಂದಿಗೂ ಬದುಕಿವೆಯಂತೆ. ಈ ಕಟ್ಟಿಗೆ ಅಂಜಿ ಜಿ.ಪಿ.ಎಲ್. ಬರಹವನ್ನು ಮುಟ್ಟದಿರುವ ಸಂಸ್ಥೆಗಳೂ ಉಂಟೆಂದು ಪೂರ್ವಪಕ್ಷವನ್ನೂ ಅವನೇ ಹೇಳಿದನು.

ಕಳೆದ ತಿಂಗಳು ಟಿಪ್ಪಣಿಯನ್ನು ಹೊಸದಾಗಿ ಬರೆದು ಮುಗಿಸಿದೆನು. ಇದಕ್ಕೆ ಏನನ್ನಾದರೂ ಸೇರಿಸಿ ಹಂಚುವವರು ಸೇರಿಸಿದ್ದನ್ನೂ ಇದರಂತೆಯೇ ಬಿಟ್ಟುಕೊಡತಕ್ಕದ್ದೆಂದು ಮೊದಲ ಪುಟದಲ್ಲಿ ಬರೆದೆನು. ನನ್ನಾಕೆ ಅದನ್ನೋದಿ, "ನಿಮ್ಮ ಗುರುಗಳು ಹೀಗೆ ಬರೆಸಿಕೊಂಡಿದ್ದರೆ?" ಎಂದು ಕೇಳಿದಳು. ಬರೆಸಿಕೊಂಡಿರಲಿಲ್ಲ. ಆದರೆ ಪಾಠ ಮುಗಿದ ದಿನ ನಮಸ್ಕರಿಸಿದಾಗ, "ಕೇಳಿ ಬಂದವನಿಗೆ ಇಲ್ಲವೆನ್ನಬೇಡ" ಎಂದಿದ್ದರು. ಪುಟವನ್ನು ಹಾಗೆಯೇ ಉಳಿಸಿದ್ದೇನೆ.