ಚಕ್ಕುಬಂದಿಯೂ ಹಾಜರಾತಿಯೂ

ಕಾನೂನು ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಅಂಕಿ 70. ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ಮಾಡಿದ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ, ಒಂದೊಂದು ವಿಷಯದಲ್ಲೂ ನೂರಕ್ಕೆ ಅಷ್ಟು ಹಾಜರಾತಿ ಇಲ್ಲದವರು ಸೆಮಿಸ್ಟರ್ ಪರೀಕ್ಷೆಗೆ ಕೂರುವಂತಿಲ್ಲ. ತೀರಾ ಅಪರೂಪದ ಕಾರಣವಿದ್ದರೆ 65ರವರೆಗೆ ಮಾಫಿ ಉಂಟು. ರೂಮಿನ ಬಾಡಿಗೆ ಕಟ್ಟಬೇಕಿತ್ತು ಎಂಬುದನ್ನು ಅಪರೂಪದ ಕಾರಣ ಎನ್ನಲಾಗದು. ನಮ್ಮ ಕ್ಲಾಸಿನಲ್ಲಿ ಅರ್ಧ ಜನಕ್ಕೆ ಅದೇ ಕಾರಣ.

ಹಿಂದಿನ ತಲೆಮಾರಿನ ಎಷ್ಟೋ ವಕೀಲರು ಹಗಲು ಕಚೇರಿಯಲ್ಲೋ ಬ್ಯಾಂಕಿನಲ್ಲೋ ದುಡಿದು, ಸಂಜೆ ಕಾಲೇಜಿನಲ್ಲಿ ಕಾನೂನು ಓದಿದವರು. ಈಗ ಕಾನೂನು ಪದವಿ ಎಂದರೆ ಪೂರ್ಣಾವಧಿಯ ವ್ಯಾಸಂಗ. 2024ರ ಸೆಪ್ಟೆಂಬರಿನಲ್ಲಿ ಪರಿಷತ್ತು ಹೊರಡಿಸಿದ ಸುತ್ತೋಲೆಯಲ್ಲಿ ಬಯೊಮೆಟ್ರಿಕ್ ಹಾಜರಾತಿಯ ಜೊತೆಗೆ, ವಿದ್ಯಾರ್ಥಿ ಎಲ್ಲಾದರೂ ಕೆಲಸದಲ್ಲಿದ್ದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತರಬೇಕೆಂಬ ಮಾತೂ ಇತ್ತು. ನಾನು ಕೆಲಸ ಮಾಡುತ್ತಿದ್ದ ಟೈಪಿಂಗ್ ಅಂಗಡಿಯ ಅಣ್ಣನಿಗೆ ಇದನ್ನು ಹೇಳಿದೆ. "ಅದಕ್ಕೇನಂತೆ, ನೀನೇ ಟೈಪ್ ಮಾಡ್ಕೊ, ಸೀಲ್ ಹಾಕ್ಕೊಡ್ತೀನಿ" ಅಂದರು.

ಅಂಗಡಿ ಇದ್ದದ್ದು ಕೋರ್ಟಿನ ಎದುರು. ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷಿನ್ನು, ಗೋಡೆಯ ಮೊಳೆಗೆ ತೂಗುಹಾಕಿದ ವಕಾಲತ್ತು ಫಾರಮ್ಮುಗಳು. ಕ್ಲಾಸು ಮುಗಿಸಿ ಓಡಿದರೆ, ವಕೀಲರ ಗುಮಾಸ್ತರು ನಾಳೆಯ ಕೇಸುಗಳ ಕಾಗದ ಹಿಡಿದು ನಿಂತಿರುತ್ತಿದ್ದರು. ಅಫಿಡವಿಟ್ಟು, ವಿಭಾಗದ ದಾವೆ, ಮಧ್ಯಂತರ ಅರ್ಜಿ, ಎಲ್ಲವೂ ನುಡಿ ತಂತ್ರಾಂಶದಲ್ಲಿ ಟೈಪಾಗಬೇಕು. ಸಂಬಳ ಪುಟದ ಲೆಕ್ಕ. ಹಾಗಾಗಿ ಉದ್ದುದ್ದ ಬರೆಯುವ ವಕೀಲರ ಮೇಲೆ ನನಗೆ ಮೊದಲಿಂದಲೂ ಗೌರವ.

ಒಂದು ಸಂಜೆ ವಯಸ್ಸಾದ ರೈತರೊಬ್ಬರು ತಮ್ಮ ದಾವೆಯ ಪ್ರತಿ ಹಿಡಿದು ಬಂದರು. ಅದರಲ್ಲಿದ್ದ ವಾದ, ಕಾನೂನು ಯಾವುದೂ ಅವರಿಗೆ ಬೇಕಿರಲಿಲ್ಲ. "ಚಕ್ಕುಬಂದಿ ಒಂದು ಓದಪ್ಪ" ಅಂದರು. ಓದಿದೆ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ವಾದಿಯ ತಮ್ಮನ ಜಮೀನು, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಗೋಮಾಳ. ಅವರು ಕಣ್ಣು ಮುಚ್ಚಿ, ಹೊಲದ ನಡುವೆ ನಿಂತವರಂತೆ ಒಂದೊಂದು ದಿಕ್ಕಿಗೂ ಕೈ ತೋರಿಸುತ್ತ ಬಂದರು. ಪಶ್ಚಿಮಕ್ಕೆ ಬಂದ ಕೈ ಅಲ್ಲೇ ನಿಂತಿತು. "ತಮ್ಮ ಅಂತ ಹಾಕಬೇಡ. ಅವನ ಹೆಸರು ಹಾಕು, ಸಾಕು."

ಸ್ಥಿರಾಸ್ತಿಯ ದಾವೆಯಲ್ಲಿ ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರ ಇರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 3ನೇ ನಿಯಮ ಹೇಳುತ್ತದೆ. ಆ ನಿಯಮ ಕ್ಲಾಸಿನಲ್ಲಿ ಬಂದಾಗ ನಾನು ನೋಟ್ಸು ಬರೆದುಕೊಳ್ಳಲಿಲ್ಲ, ಬೇಕಾಗಲಿಲ್ಲ.

ಇಂಥದ್ದನ್ನು ಕೇಳಿದ ಕೂಡಲೇ "ನೋಡು, ಕಾಲೇಜಿನಲ್ಲಿ ಏನೂ ಇಲ್ಲ, ಎಲ್ಲ ಕೋರ್ಟಿನಲ್ಲೇ ಕಲಿಯೋದು" ಎನ್ನುವ ಹಿರಿಯರಿದ್ದಾರೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಇದೇ ವಿಷಯವಾಗಿ ಬೇರಾವ ನ್ಯಾಯಾಲಯದಲ್ಲೂ ದಾವೆ ಹೂಡಿರುವುದಿಲ್ಲ ಎಂಬ ವಾಕ್ಯವನ್ನು ನಾನು ಅದೆಷ್ಟು ದಾವೆಗಳಿಗೆ ಅಂಟಿಸಿದ್ದೇನೋ. ಅಣ್ಣನ ಕಂಪ್ಯೂಟರಿನಲ್ಲಿ ಅದು ಸಿದ್ಧ ಸಾಲು, ಹಳೆಯ ಫೈಲಿನಿಂದ ಹೊಸ ಫೈಲಿಗೆ ದಾಟುತ್ತಿತ್ತು, ಅಷ್ಟೆ. ಆ ಸಾಲು ಏಕಿರಬೇಕು, ಒಮ್ಮೆ ತೀರ್ಮಾನವಾದ ವ್ಯಾಜ್ಯವನ್ನು ಮತ್ತೆ ಎತ್ತಬಾರದು ಎನ್ನುವ ಅದೇ ಸಂಹಿತೆಯ 11ನೇ ಕಲಮು ಗೆದ್ದವನನ್ನಷ್ಟೇ ಅಲ್ಲ, ಕೋರ್ಟನ್ನೂ ಹೇಗೆ ಕಾಯುತ್ತದೆ ಎಂದು ತಿಳಿಸಿದ್ದು ಬೆಳಗಿನ ಮೊದಲ ಪೀರಿಯಡ್ಡಿನ ಮೇಡಂ. ಅಂಗಡಿಯಲ್ಲೇ ಇದ್ದಿದ್ದರೆ ಇನ್ನೂ ಹತ್ತು ವರ್ಷ ಅಂಟಿಸುತ್ತಲೇ ಇರುತ್ತಿದ್ದೆ.

ಕೆಲಸ ತಿಂದುಹಾಕಿದ್ದು ಸಮಯವನ್ನಲ್ಲ. ಸಮಯ ಹೇಗೋ ಹೊಂದುತ್ತದೆ. ಬಸ್ಸಿನಲ್ಲಿ, ಅಂಗಡಿಯ ಕರೆಂಟು ಹೋದಾಗ, ಊಟದ ಸಾಲಿನಲ್ಲಿ. ಹೋದದ್ದು ತೀರ್ಪುಗಳನ್ನು ಓದುವ ತಾಳ್ಮೆ. ಕೇಶವಾನಂದ ಭಾರತಿ ಪ್ರಕರಣವನ್ನೇ ನೋಡಿ. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು, ಅಂದರೆ ಹೆಚ್ಚುಕಮ್ಮಿ ನಮ್ಮವರೇ. ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು ಕೇಳಿ, 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ ತೀರ್ಮಾನವಾದ ಪ್ರಕರಣ. ಒಳಗೆ 11 ಪ್ರತ್ಯೇಕ ತೀರ್ಪುಗಳು, ನೂರಾರು ಪುಟ. ಹಗಲಿಡೀ ಪಾಠ, ಸಂಜೆಯಿಡೀ ಬೇರೆಯವರ ವ್ಯಾಜ್ಯ ಟೈಪು ಮಾಡಿ ಬಂದವನಿಗೆ ರಾತ್ರಿ ಯಾವ ನ್ಯಾಯಮೂರ್ತಿ ಯಾರ ಜೊತೆ ಎಲ್ಲಿ ಒಪ್ಪಿದರು, ಎಲ್ಲಿ ಬೇರೆಯಾದರು ಎಂಬುದು ಕಣ್ಣಿಗಷ್ಟೇ ಬೀಳುತ್ತಿತ್ತು. ಕೊನೆಗೆ ಕೈಗೆ ಬರುತ್ತಿದ್ದದ್ದು ಗೈಡು. ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ ಎಂಬ ಒಂದು ವಾಕ್ಯ ಪರೀಕ್ಷೆಗೆ ಸಾಕು. ಅದರಲ್ಲಿ ಪಾಸಾಗಬಹುದು, ಕೋರ್ಟಿನಲ್ಲಿ ನಿಂತು ವಾದಿಸಲಾಗದು. ಹಾಜರಾತಿಯ ಯಂತ್ರ ಬೆರಳನ್ನು ಮಾತ್ರ ಎಣಿಸುತ್ತದೆ, ಈ ಕೊರತೆ ಅದಕ್ಕೆ ಗೊತ್ತಾಗುವ ಬಗೆ ಇಲ್ಲ.

2024ರ ಜುಲೈ 1ರಂದು ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದಾಗ ಮಾತ್ರ ಕಾಲೇಜು, ಅಂಗಡಿ ಎರಡೂ ಒಂದೇ ತರಗತಿಗೆ ಬಂದವು. ನಿಷೇಧಾಜ್ಞೆ ಎಂದರೆ 144 ಎಂದು ಊರಿಗೆಲ್ಲ ಬಾಯಿಪಾಠ. ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163 ಆಯಿತು, 144ರ ಜಾಗಕ್ಕೆ ಹೆಂಡತಿ ಮಕ್ಕಳ ಜೀವನಾಂಶ ಬಂತು. ಗುಮಾಸ್ತರು ಹಳೆಯ ಸಂಖ್ಯೆ ಹೇಳಿದರೆ ನಾನು ಹೊಸದನ್ನು ಹಾಕುತ್ತಿದ್ದೆ. ಆ ತಿಂಗಳು ಅಂಗಡಿಯಲ್ಲಿ ನನಗೆ ಸ್ವಲ್ಪ ಮರ್ಯಾದೆ ಜಾಸ್ತಿ.

ಇನ್ನು ಸನ್ನದು ಬರಬೇಕು. ಸನ್ನದು ಪಡೆದ ವಕೀಲ ಪೂರ್ಣಾವಧಿಯ ಸಂಬಳದ ನೌಕರಿಯಲ್ಲಿದ್ದುಕೊಂಡು ವಕೀಲಿ ಮಾಡುವಂತಿಲ್ಲ ಎಂದು ಪರಿಷತ್ತಿನ ನಿಯಮವಿದೆ. ಜೂನಿಯರುಗಳಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಎಂದೂ ಅದೇ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹೇಳಿದೆ. ಮೊದಲನೆಯದು ನಿಯಮ, ಎರಡನೆಯದು ಶಿಫಾರಸು. ಈ ವ್ಯತ್ಯಾಸ ತಿಳಿಯಲು ಕಾನೂನು ಓದಿರಬೇಕಾಗಿಲ್ಲ, ಕೋರ್ಟಿನ ಕಾರಿಡಾರಿನಲ್ಲಿ ಯಾವ ಜೂನಿಯರನ್ನಾದರೂ ಕೇಳಿದರೆ ಸಾಕು.

ಮೊನ್ನೆ ಅಣ್ಣ ಕೇಳಿದರು: "ಲಾಯರಾದ್ಮೇಲೆ ಈ ಕಡೆ ತಲೆ ಹಾಕ್ತೀಯೋ ಇಲ್ವೋ?"

"ಪುಟಕ್ಕೆ ಎಷ್ಟು ಏರಿಸ್ತೀರಿ ಹೇಳಿ" ಅಂದೆ.