ಮೊಣಕಾಲಿನ ಚಿಂತೆ

ಹೊರಮಾವಿನ ನಮ್ಮ ಮನೆಯ ಜಗಲಿಯಲ್ಲಿ ಆ ಸಂಜೆ ನನ್ನ ತಂಗಿಯ ಮೊಮ್ಮಗಳು ಕಾಲು ಚಾಚಿ ಕುಳಿತಿದ್ದಳು. ಹದಿನಾರರ ಹುಡುಗಿ; ಕಾಲ್ಚೆಂಡಾಟವೆಂದರೆ ಪ್ರಾಣ. ಆ ಆಟಕ್ಕೆ ಹೆಸರಾದ ಹಲಸೂರಿನ ಗೌತಮಪುರದಲ್ಲಿ ಆಡುವಾಗ, ಓಡುತ್ತೋಡುತ್ತ ಥಟ್ಟನೆ ತಿರುಗಿದೊಡನೆ ಮಂಡಿಯೊಳಗೆ ಏನೋ 'ಟಪ್' ಎಂದಿತಂತೆ. ಎದುರಾಳಿ ಅವಳನ್ನು ಮುಟ್ಟಿಯೂ ಇರಲಿಲ್ಲ. ಮರುದಿನ ಬೆಳಗ್ಗೆ ಶಸ್ತ್ರಚಿಕಿತ್ಸೆ.

ತೊಡೆಯ ಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಮಂಡಿಯ ನಡುವೆ ಬಿಗಿದು ಹಿಡಿದಿರುವ ಅಸ್ಥಿರಜ್ಜುವೊಂದುಂಟು. ಕಿರುಬೆರಳಿಗಿಂತಲೂ ಚಿಕ್ಕದು. ಪೂರ್ತಿ ಹರಿದರೆ ಅದು ತಾನಾಗಿ ಕೂಡಿಕೊಳ್ಳುವುದು ಅಪರೂಪ. ವೈದ್ಯರು ತೊಡೆಯ ಹಿಂಭಾಗದಿಂದ ಸ್ನಾಯುರಜ್ಜುವಿನ ತುಂಡೊಂದನ್ನು ತೆಗೆದು, ಮೂಳೆಗಳಲ್ಲಿ ಸಣ್ಣ ಸುರಂಗ ಕೊರೆದು, ಹರಿದುದರ ಸ್ಥಾನದಲ್ಲಿ ಕೂರಿಸುತ್ತಾರೆ. ಮತ್ತೆ ಮೈದಾನಕ್ಕಿಳಿಯಲು ಒಂಬತ್ತು ತಿಂಗಳಾದರೂ ಬೇಕು. ಇಷ್ಟನ್ನೂ ನನಗೆ ಕಲಿಸಿದವಳು ಅವಳೇ. ಪಾಠ ಒಪ್ಪಿಸುವಂತೆ ಹೇಳಿದಳು. ತಿಳಿವಳಿಕೆಯಿದ್ದಲ್ಲಿ ಭಯವಿರದೆಂದು ಮೂವತ್ತು ವರ್ಷ ತರಗತಿಗಳಲ್ಲಿ ಸಾರಿದವನು ನಾನು. ಅವಳ ಮುಖ ನೋಡಿದಾಗ ಆ ಮಾತನ್ನು ಹಿಂತೆಗೆದುಕೊಳ್ಳಬೇಕೆನಿಸಿತು.

"ನೋವಿಗೆ ಹೆದರಿದೆಯೇನಮ್ಮ?" ಎಂದೆ.

"ನೋವಿಗಲ್ಲ ತಾತ. ಮುಂದೆ ಕಾಲು ನನ್ನ ಮಾತು ಕೇಳದೆ ಹೋದರೆ? ನಾನು ಮರಳುವ ಹೊತ್ತಿಗೆ ತಂಡದಲ್ಲಿ ನನ್ನ ಜಾಗಕ್ಕೆ ಬೇರೆ ಯಾರೋ ಬಂದಿರುತ್ತಾರೆ."

ಉಪಾಧ್ಯಾಯನ ಚಾಳಿ ಎಲ್ಲಿ ಹೋದೀತು! ಕೂಡಲೇ ನಿದರ್ಶನಕ್ಕೆ ಕೈಹಾಕಿದೆ. ಕ್ರಿಕೆಟ್ ಆಟಗಾರ ರಿಷಭ್ ಪಂತ್ 2022ರ ಡಿಸೆಂಬರ್ 30ರಂದು ಕಾರು ಅಪಘಾತಕ್ಕೊಳಗಾದರು. ಮಂಡಿಯ ರಜ್ಜುಗಳು ಹರಿದವು. ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಶ್ರಮಿಸಿ, 2024ರ ಮಾರ್ಚ್‌ನಲ್ಲಿ ಮರಳಿ ಆಡಿದರು. ಆ ವರ್ಷವೇ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು.

"ಅವರಿಗಾಗಿ ದೇಶವೇ ಕಾದಿತ್ತು. ನನಗಾಗಿ ಯಾರು ಕಾಯುತ್ತಾರೆ ತಾತ?"

ಕುಸ್ತಿಪಟು ವಿನೇಶ್ ಫೋಗಟ್ ಅವರನ್ನು ನೆನಪಿಸಿದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಂಡಿಗೆ ಗಾಯ ಮಾಡಿಕೊಂಡು ಕಣ್ಣೀರಿಡುತ್ತ ಕಣದಿಂದ ಹೊರಬಂದವರು, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. "2023ರಲ್ಲಿ ಮತ್ತೊಮ್ಮೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತಲ್ಲ!" ಎಂದಳು. ನನ್ನ ಬತ್ತಳಿಕೆ ಬರಿದಾಯಿತು.

ಕೊನೆಗೆ, ಯಾರಿಗೂ ಹೇಳದಿದ್ದುದನ್ನು ಹೇಳಿದೆ. ಕಣ್ಣಿನ ಪೊರೆ ತೆಗೆಸುವ ಹಿಂದಿನ ರಾತ್ರಿ ನಾನು ನಿದ್ರಿಸಿರಲಿಲ್ಲ. ಇನ್ನು ಓದಲಾಗದಿದ್ದರೆ ಎಂದು ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ್ದೆ. ಅವಳು ಮೊದಲ ಬಾರಿ ನನ್ನತ್ತ ತಿರುಗಿದಳು. "ನೀವೂ ಹೆದರಿದ್ದಿರಾ ತಾತ?"

"ಹೂಂ. ಅಜ್ಜಿಗೆ ಹೇಳಬೇಡ."

ನಕ್ಕಳು. ತೊಡೆಗೆ ಬಲ ಬರಲೆಂದು ವೈದ್ಯರು ಹೇಳಿಕೊಟ್ಟಿದ್ದ ವ್ಯಾಯಾಮಕ್ಕೆ ಚಾಪೆ ಹಾಸಿದಳು. ಅವಳು ಕಾಲೆತ್ತಿದಳು, ನಾನು ಎಣಿಸಿದೆ.

ಚಿಕಿತ್ಸೆಯ ಮರುದಿನ ಆಸ್ಪತ್ರೆಯಲ್ಲಿ ಅವಳನ್ನು ಆಸರೆಯ ಮೇಲೆ ನಿಲ್ಲಿಸಿದರು. ಹಲ್ಲು ಕಚ್ಚಿ ಹೆಜ್ಜೆಯಿಟ್ಟಳು. ನಾನು "ಐದು" ಎಂದೆ.

"ನಾಲ್ಕೇ ತಾತ, ಸರಿಯಾಗಿ ಎಣಿಸಿ" ಎಂದು ಗದರಿದಳು.